ಹೊಳೆಯಬಾರದ ನೀರು ಹೊಳೆದಾಗ

ಶಿವಮೊಗ್ಗದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಅಟೆಂಡರ್. ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನನ್ನು ದೇವರು ಇಷ್ಟೊಂದು ಗಾಜಿನ ನಡುವೆ ಯಾಕೆ ತಂದಿಟ್ಟನೋ, ಅವನಿಗೇ ಗೊತ್ತು. ಬಾಟಲಿ ಒಡೆಯದ ದಿನ ಇದ್ದೀತು, ನಗದೇ ಮನೆಗೆ ಹೋದ ದಿನ ಇಲ್ಲ.

ಆ ವರ್ಷ ಪಿಎಚ್.ಡಿ. ಮಾಡುತ್ತಿದ್ದ ಮೇಡಂ ಒಂದು ಸೆನ್ಸರ್ ದ್ರಾವಣ ಮಾಡಿದ್ದರು. ನೀರಿಗೆ ಎರಡು ಹನಿ ಹಾಕಿ ನೇರಳೆ ದೀಪದ ಕೆಳಗೆ ಹಿಡಿದರೆ, ಫಾಸ್ಫೇಟ್ ಇದ್ದರೆ ಹಸಿರಾಗಿ ಹೊಳೆಯಬೇಕು, ಇಲ್ಲದಿದ್ದರೆ ಕಪ್ಪಗೇ ಇರಬೇಕು. ಫಾಸ್ಫೇಟ್ ಅಂದರೆ ಗದ್ದೆಗೆ ಹಾಕುವ ಗೊಬ್ಬರದಲ್ಲಿರೋದೇ. ಹೊಳೆಗೆ ಸೇರಿದರೆ ಪಾಚಿ ಕಟ್ಟುತ್ತೆ. ಶುಕ್ರವಾರ ಗೈಡ್ ಸರ್ ಬಂದು ನೋಡುವವರಿದ್ದರು. ಅವತ್ತು ತಪ್ಪಿದರೆ ಮೇಡಂ ಅವರ ಮೂರು ವರ್ಷದ ಕೆಲಸ ಮತ್ತೆ ಮೊದಲಿಂದ.

ಬಸ್ಸಿನಲ್ಲಿ ತೀರ್ಥ

ನನ್ನ ಮನೆ ಭದ್ರಾವತಿಯಲ್ಲಿ. "ಅಣ್ಣಾ, ಬರುವಾಗ ಭದ್ರಾ ನೀರು ಒಂದು ಬಾಟಲಿ ತನ್ನಿ. ಕೆಳಗಿಡಬೇಡಿ" ಅಂದಿದ್ದರು ಮೇಡಂ. ಎರಡೂ ಕೈಯಲ್ಲಿ ಎದೆಗೆ ಹಿಡಿದು ಬಸ್ಸಿನಲ್ಲಿ ಕೂತೆ. ಹಣೆ ತುಂಬ ವಿಭೂತಿ ಬೇರೆ. ಪಕ್ಕದ ಅಜ್ಜಿ ಬೊಗಸೆ ಒಡ್ಡಿದರು.

"ಅಜ್ಜಿ, ಇದು ಬರೀ ಹೊಳೆ ನೀರು."

"ತೀರ್ಥ ಇನ್ನೆಲ್ಲಿಂದ ಬರುತ್ತೆ ಮಾರಾಯ, ನಲ್ಲೀಲಾ? ಹಾಕು!"

ಅಜ್ಜಿ ತಲೆಗೆ ಚಿಮುಕಿಸಿಕೊಂಡರು. ನೋಡಿದ ಕಂಡಕ್ಟರೂ ಕೈ ಒಡ್ಡಿದ. ಲ್ಯಾಬಿಗೆ ಬಂದದ್ದು ಅರ್ಧ ಬಾಟಲಿ.

"ಇಷ್ಟೇನಾ ಅಣ್ಣಾ?"

"ಉಳಿದದ್ದು ಡ್ರೈವರ್‌ವರೆಗೂ ಹೋಯ್ತು ಮೇಡಂ."

ಮೇಷ್ಟ್ರ ಮಜ್ಜಿಗೆ

ಪಕ್ಕದ ಫಿಸಿಕ್ಸ್ ಮೇಷ್ಟ್ರು ಕುತೂಹಲಕ್ಕೆ ತಾವು ಕುಡಿಯುತ್ತಿದ್ದ ಕೋಲಾ ಕೊಟ್ಟರು. ನೀರು ಬೆರೆಸಿ ಹಿಡಿದರೆ ಝಗ್ಗನೆ ಹೊಳೆಯಿತು. ಗಾಬರಿಯಾಗಿ ಮರುದಿನ ಮನೆಯ ಮಜ್ಜಿಗೆ ತಂದರು. ಅದೂ ಹೊಳೆಯಿತು. "ಹಾಲಲ್ಲೂ ಇರುತ್ತೆ ಸರ್, ಏನೂ ತೊಂದರೆಯಿಲ್ಲ" ಅಂದರು ಮೇಡಂ.

"ಹೊಳೆಯದೇ ಇರೋದು ಏನಾದ್ರೂ ಕುಡಿಯೋಕೆ ಇದ್ಯಾ ಹೇಳು ಮಾರಾಯ್ತಿ!"

"ಡಿಸ್ಟಿಲ್ಡ್ ವಾಟರ್ ಸರ್."

ಬೇಡಿಕೊಂಡಷ್ಟೂ ಬೆಳಕು

ಬುಧವಾರ ಆ ಡಿಸ್ಟಿಲ್ಡ್ ವಾಟರೇ ಹೊಳೆಯಿತು. ಏನೂ ಇಲ್ಲದ ನೀರು ಹೊಳೆದರೆ ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತಲೇ ಲೆಕ್ಕ. ಮೇಡಂ ಕಣ್ಣು ತುಂಬಿಕೊಂಡರು.

"ಬಾಟಲಿ ಸರಿಯಾಗಿ ತೊಳೆದಿದ್ರಾ ಅಣ್ಣಾ?"

"ಮೂರು ಸಲ ಮೇಡಂ."

ಮಗಳಂಥ ಹುಡುಗಿ. ನನಗೆ ಊಟ ಸೇರಲಿಲ್ಲ. ಗುರುವಾರ ಇನ್ನೂ ಭಕ್ತಿಯಿಂದ ಪೂಜೆ ಮಾಡಿ ಬಂದೆ. ನೀರು ಇನ್ನೂ ಜೋರಾಗಿ ಹೊಳೆಯಿತು. ಮೇಡಂ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

"ತಳದಲ್ಲಿ ಇದೇನಿದು, ಬೂದಿ?"

"ವಿಭೂತಿ ಮೇಡಂ. ನಾಳೆ ಗೈಡ್ ಸರ್ ಬರ್ತಾರಲ್ಲ, ಮೊನ್ನೆಯಿಂದ ತೊಳೆದ ಮೇಲೆ ಎಲ್ಲಾ ಬಾಟಲಿ ಬಾಯಿಗೂ ಹಚ್ತಿದ್ದೀನಿ. ನಿನ್ನೆ ನೀವು ಅತ್ತಿರಲ್ಲ, ಅದಕ್ಕೆ ಇವತ್ತು ಒಳಗೂ ಒಂದು ಚಿಟಿಕೆ."

ಮೇಡಂ ಬಾಟಲಿ ಕೆಳಗಿಟ್ಟರು. ನನ್ನಿಂದಲೇ ವಿಭೂತಿ ಇಸಿದುಕೊಂಡು ಹೊಸ ನೀರಿಗೆ ಹಾಕಿ ದೀಪ ಹಿಡಿದರು. ಹಸಿರೋ ಹಸಿರು.

"ಸಗಣಿ ಸುಟ್ಟ ಬೂದಿ ಅಲ್ವಾ ಅಣ್ಣಾ, ಅದರಲ್ಲೂ ಫಾಸ್ಫೇಟ್ ಇದೆ! ನನ್ನ ಸೆನ್ಸರ್ ಸರಿಯಾಗೇ ಇದೆ!" ಅಂತ ಅಳುತ್ತಲೇ ನಕ್ಕರು. ಒಂದು ಬಿರುಸು ಮಾತು ಆಡಲಿಲ್ಲ. ಅದನ್ನು ನಾನು ಮರೆಯುವುದುಂಟೇ?

ಶುಕ್ರವಾರ ನಾನು ಒಂದು ಬಾಟಲಿಯನ್ನೂ ಮುಟ್ಟದೆ ಬಾಗಿಲಲ್ಲಿ ಕೈಕಟ್ಟಿ ನಿಂತೆ. ಡಿಸ್ಟಿಲ್ಡ್ ವಾಟರ್ ಕಪ್ಪಗೇ ಇತ್ತು, ದೇವರ ದಯೆ. ಗೈಡ್ ಸರ್ ತಲೆದೂಗಿದರು.

ಪ್ರಬಂಧ ಅಚ್ಚಾಗಿ ಬಂದಾಗ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿತ್ತು. ಕಣ್ಣು ಮಂಜಾಯಿತು. ಕೈ ತಾನಾಗಿ ಜೇಬಿಗೆ ಹೋಗಿ ವಿಭೂತಿ ಪೊಟ್ಟಣ ತೆಗೆಯಿತು. ಮೇಡಂ ಬಾಟಲಿಗಳಿಗೆ ಅಡ್ಡ ನಿಂತು ಕೂಗಿದರು:

"ಹಚ್ಚಿ ಅಣ್ಣಾ, ಪುಸ್ತಕಕ್ಕೆ ಎಷ್ಟು ಬೇಕಾದ್ರೂ ಹಚ್ಚಿ. ಆದ್ರೆ ವರಾಂಡಕ್ಕೆ ತಗೊಂಡು ಹೋಗಿ ಹಚ್ಚಿ!"