ಬಾಟಲಿ ನೋಡುವ ಯಂತ್ರಕ್ಕೆ ನಾನು ಕಲಿಸಿದ್ದು

ನನಗೆ ಗೊತ್ತಿರುವ ವಿಷಯಗಳೇ ಕಡಿಮೆ. ಹೇಗೆ ಗೊತ್ತಾಯಿತೆಂದು ಯಾರಾದರೂ ಕೇಳಿದರೆ ಅವೂ ಗೊತ್ತಿಲ್ಲದಂತಾಗುತ್ತವೆ. ನನ್ನ ಹೆಂಡತಿಗೆ ಈ ತೊಂದರೆಯಿಲ್ಲ. ನಾವಿರುವ ಚಾಳಿನ ಮೆಟ್ಟಿಲ ಸಪ್ಪಳ ಕೇಳಿಯೇ ಬರುವವರು ನೆಂಟರೋ ನೆರೆಯವರೋ ಹೇಳುತ್ತಾಳೆ. ಹೇಗೆ ಎಂದರೆ, “ಗೊತ್ತಾಗ್ತದ, ಅಷ್ಟ. ಮೊದಲ ಹಾಲು ತರ್ರಿ” ಎನ್ನುತ್ತಾಳೆ.

ಭಾಂಡುಪಿನ ಗಾಜಿನ ಕಾರ್ಖಾನೆಯಲ್ಲಿ ನನ್ನ ಕೆಲಸವೂ ಅಂಥದ್ದೇ. ಔಷಧದ ಬಾಟಲಿಗಳನ್ನು ದೀಪದ ಮುಂದೆ ಹಿಡಿದು ನೋಡುವುದು. ಬಿರುಕು, ಗುಳ್ಳೆ ಇದ್ದರೆ ರದ್ದಿ ಬುಟ್ಟಿಗೆ, ಇಲ್ಲದಿದ್ದರೆ ಪ್ಯಾಕಿಂಗಿಗೆ. ಕುರ್ಚಿಯಿತ್ತು, ತಲೆಯ ಮೇಲೆ ಫ್ಯಾನಿತ್ತು. ಅದು ಎಪ್ಪತ್ತರ ದಶಕ. ಕಂಪ್ಯೂಟರ್ ಎಂಬ ಮಾತನ್ನು ನಾವು ಯೂನಿಯನ್ನಿನ ಘೋಷಣೆಗಳಲ್ಲಿ ಮಾತ್ರ ಕೇಳಿದ್ದೆವು. ಆಗ ನಮ್ಮ ಇಂಜಿನಿಯರ್, ಉಡುಪಿ ಕಡೆಯ ಕಾಮತರು, ಕಪಾಟಿನಷ್ಟು ದೊಡ್ಡ ಯಂತ್ರವೊಂದನ್ನು ನನ್ನ ಪಕ್ಕಕ್ಕೇ ತಂದು ನಿಲ್ಲಿಸಿದರು. ಅದು ಬಾಟಲಿ ನೋಡಲು ಕಲಿಯುತ್ತದಂತೆ. ಕಲಿತರೆ ನನ್ನನ್ನು ಪ್ಯಾಕಿಂಗಿನ ತಗಡಿನ ಶೆಡ್ಡಿಗೆ ಹಾಕುತ್ತಾರಂತೆ.

“ಅದಕ್ಕ ನಾ ಏನಂತ ಹೇಳಿಕೊಡಬೇಕ್ರಿ?” ಎಂದು ಕೇಳಿದೆ.

“ಹೇಳುವುದು ಎಂತದೂ ಬೇಡ ಮಾರಾಯ್ರೇ. ನೀವು ಆರಿಸಿದ ಒಳ್ಳೆಯದು, ರದ್ದಿ ಎರಡನ್ನೂ ತೋರಿಸುವುದು. ಅದು ತಪ್ಪಿದರೆ ನಾನು ಗುಂಡಿ ತಿರುಗಿಸಿ ತಿದ್ದುವುದು. ನೋಡಿ ನೋಡಿ ಕಲಿಯುತ್ತದೆ, ಮಕ್ಕಳ ಹಾಗೆ.”

ಹಾಗಾದರೆ ನನ್ನ ಮಗನಿಗೆ ಏಳರ ಮಗ್ಗಿ ಎಂದೋ ಬರಬೇಕಿತ್ತು ಎಂದುಕೊಂಡೆ. ಆದರೆ ಆ ಹಾಳು ಯಂತ್ರ ಕಲಿತೇಬಿಟ್ಟಿತು. ಕೆಲವೇ ವಾರಗಳಲ್ಲಿ, ನಾನು ರದ್ದಿ ಎಂದದ್ದಕ್ಕೆಲ್ಲ ತಪ್ಪದೆ ಕೆಂಪು ದೀಪ ಹಚ್ಚತೊಡಗಿತು. ನನಗೆ ಊಟ ಸೇರದಾಯಿತು.

ಪರೀಕ್ಷೆಯ ದಿನ ಮಾಲೀಕ ಶೇಠ್ ತಾವೇ, ನಾನಿನ್ನೂ ಮುಟ್ಟದ ರಾಶಿಯಿಂದ ಬಿರುಕಿನ ಬಾಟಲಿಯೊಂದನ್ನು ಆರಿಸಿ ಯಂತ್ರದ ಮುಂದಿಟ್ಟರು. ಹಸಿರು ದೀಪ. ಕುತ್ತಿಗೆಯೇ ಮುರಿದದ್ದನ್ನು ಇಟ್ಟರು. ಅದಕ್ಕೂ ಹಸಿರು. “ಯೇ ಕ್ಯಾ ಹೈ, ಕಾಮತ್?” ಎಂದರು. ಕಾಮತರು ಬೆವತರು. ನನಗೆ ಒಳಗೊಳಗೇ ಹಬ್ಬ. ಸಹಾಯ ಮಾಡುವವನಂತೆ ಹೋಗಿ ಅಪ್ಪಟ ಒಳ್ಳೆಯ ಬಾಟಲಿಯೊಂದನ್ನು ಇಟ್ಟೆ. ಕೆಂಪು.

ಕಾಮತರು ಅದನ್ನು ತಿರುಗಿಸಿ, ಗಾಜಿನ ಮೇಲಿನ ಬಿಳಿ ಬೆರಳಚ್ಚನ್ನು ನೋಡಿದರು. ಆಮೇಲೆ ನನ್ನ ಹೆಬ್ಬೆರಳನ್ನು ನೋಡಿದರು. ದಿನವಿಡೀ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವ ಬೆರಳು ಅದು. ರದ್ದಿ ಬಾಟಲಿ ಹೇಗೂ ಮತ್ತೆ ಕರಗಿಸುವ ಗಾಜು, ಹಾಗಾಗಿ ಬುಟ್ಟಿಗೆ ಹಾಕುವ ಮೊದಲು ಅದಕ್ಕೇ ಬೆರಳು ಒರೆಸುವುದು ನನ್ನ ರೂಢಿ. ಯಂತ್ರ ಬಿರುಕನ್ನೂ ಕಲಿತಿರಲಿಲ್ಲ, ಗುಳ್ಳೆಯನ್ನೂ ಕಲಿತಿರಲಿಲ್ಲ. ನನ್ನ ಸುಣ್ಣವನ್ನು ಚೆನ್ನಾಗಿ ಕಲಿತಿತ್ತು.

“ನಾಳೆಯಿಂದ ಪುನಃ ಕಲಿಸುವ. ನೀವು ಮಾತ್ರ ತಂಬಾಕು ಮುಟ್ಟಬಾರದು,” ಎಂದು ಕಾಮತರು ಹಲ್ಲು ಕಚ್ಚಿ ಹೇಳಿದರು.

ಮರುದಿನ ಸೋಪು ಹಚ್ಚಿ ಕೈ ತೊಳೆದು, ಮೊದಲ ಬಾಟಲಿಯನ್ನು ದೀಪಕ್ಕೆ ಹಿಡಿದೆ. ತಿರುಗಿಸಿದೆ. ಮತ್ತೆ ತಿರುಗಿಸಿದೆ. ಕಾಣುತ್ತಿರುವುದು ಗುಳ್ಳೆಯೋ ಬರೀ ಹೊಳಪೋ, ಏನು ಮಾಡಿದರೂ ತಿಳಿಯಲೊಲ್ಲದು. ಕಾಮತರು ಗುಂಡಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

“ಹೇಳಿ, ಒಳ್ಳೆಯದಾ, ರದ್ದಿಯಾ?”

“ಸ್ವಲ್ಪ ತಡೀರಿ,” ಎಂದೆ. “ಒಂದ ಚಿಟಿಕಿ ತಂಬಾಕ ಹಾಕ್ಕೊಂಡ ಬಂದ ಹೇಳ್ತೀನಿ.”