ಮೈದುನನ ಸೊಪ್ಪು

ನಮ್ಮ ಮನೆಯಲ್ಲಿ ಪಂಡಿತನೊಬ್ಬನಿದ್ದಾನೆ. ಆದ್ದರಿಂದ ಇಂತಹ ಪ್ರಸಂಗಗಳಿಗೆ ಬರವಿಲ್ಲ. ಬರೆದು ಅಭ್ಯಾಸವಿಲ್ಲದ ನಾನು ನಡೆದಷ್ಟನ್ನೇ ಬರೆಯುತ್ತೇನೆ.

ಕಾಯಿದೆ

ಶೆಟ್ಟಿಕೆರೆ ದಾರಿಯಲ್ಲಿರುವ ನಮ್ಮ ತೆಂಗಿನ ತೋಟದ ಮೂಲೆಯಲ್ಲಿ ಒಂದು ಗಾಂಜಾ ಗಿಡ ಆಳೆತ್ತರ ಬೆಳೆದು ನಿಂತಿತ್ತು. ನೆಟ್ಟವನು ನನ್ನ ಮೈದುನ. ಇದೇನೆಂದು ಕೇಳಿದ್ದಕ್ಕೆ ಮೊಬೈಲ್ ಹಿಡಿದು ಉಪನ್ಯಾಸವನ್ನೇ ಕೊಟ್ಟ. ಕಾಯಿದೆಯ ಪ್ರಕಾರ ಹೂವಿನ ತೆನೆ ಮಾತ್ರ ಗಾಂಜಾ, ಬರಿಯ ಎಲೆ ಗಾಂಜಾ ಅಲ್ಲವಂತೆ. ಹೆರಾಯಿನ್ ಇರುವ ಕಾಯಿದೆಯಲ್ಲೇ ಇದನ್ನೂ ಸೇರಿಸಿದ್ದು ಸರ್ಕಾರದ ತಪ್ಪಂತೆ. ದಂಟಿನ ಸೊಪ್ಪಿನ ಪಕ್ಕದಲ್ಲಿ ಇದಕ್ಕೆ ಜಾಗ ಕೊಡಬೇಕಂತೆ.

“ಪೊಲೀಸ್ನೋರು ಬಂದ್ರೆ?” ಎಂದೆ.

“ಹೆದ್ರಿಕೆ ಯಾಕತ್ತಿಗೆ? ಪಹಣಿ ನಿಮ್ಮೆಸ್ರಲ್ಲೈತೆ,” ಎಂದು ನನಗೇ ಧೈರ್ಯ ಹೇಳಿದ.

ವಕೀಲರು

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಸೇದುವವನು ಅವನು, ಜೈಲಿಗೆ ಹೋಗಬೇಕಾದವಳು ನಾನು. ಅವನನ್ನು ಚಿಕ್ಕನಾಯಕನಹಳ್ಳಿಯ ವಕೀಲರೊಬ್ಬರಲ್ಲಿಗೆ ಎಳೆದುಕೊಂಡು ಹೋದೆ. ಅಲ್ಲಿಯೂ ಎಲೆ ಬೇರೆ, ತೆನೆ ಬೇರೆ ಎಂದು ಅವನೇ ವಕೀಲನಂತೆ ಅರ್ಧ ಗಂಟೆ ವಾದಿಸಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಗಿಡ ಬೆಳೆಸಿದ್ದೇ ಅಪರಾಧ ಕಣಯ್ಯ. ಎಲೆಗೂ ಹೂವಿಗೂ ವಾದ ತಂದಿದೀಯ, ಬೇರಿಗೆ ಏನು ತಂದಿದೀಯ?”

ಸಂಜೆಯೊಳಗೆ ಗಿಡ ಬೇರುಸಹಿತ ಕಿತ್ತುಬಂತು.

ಚಟ

ಇನ್ನು ಚಟವನ್ನೂ ಬಿಡು ಎಂದೆ. ಗಾಂಜಾಕ್ಕೆ ಚಟವೆಂಬುದೇ ಇಲ್ಲ, ಚಟವಿರುವುದು ನಿಮ್ಮ ಎಲೆ ಅಡಿಕೆಗೆ ಎಂದು ನನ್ನ ಚೀಲದ ಕಡೆ ಬೊಟ್ಟು ಮಾಡಿದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾದರೆ ಎಂಟು ದಿನ ಇಬ್ಬರೂ ಬಿಡೋಣವೆಂದು ಚೀಲವನ್ನು ಪೆಟ್ಟಿಗೆಯೊಳಗಿಟ್ಟೆ. ಮರುದಿನ ಮಧ್ಯಾಹ್ನದ ಊಟಕ್ಕೆ ಮೊದಲೇ, ‘ನಂಗೆ ಅದ್ರ ಗ್ಯಾನವೇ ಇಲ್ಲ ಕಣತ್ತಿಗೆ’ ಎಂದು ಅವನು ಹದಿನಾರು ಸಲ ಜ್ಞಾಪಿಸಿದ.

ಅಟ್ಟ

ತೆಂಗಿನಕಾಯಿಯನ್ನು ವರ್ಷದಷ್ಟು ಕಾಲ ಅಟ್ಟದ ಮೇಲೆ ಒಣಗಿಸಿ ಕೊಬ್ಬರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಹದವಾದ ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನುತ್ತದೆ. ಸದ್ದು ಮಾಡದ್ದು ಕೆಟ್ಟಿದೆಯೆಂದು ಆರಿಸಿ ಬಚ್ಚಲಿನ ನೀರೊಲೆಗೆ ಹಾಕುವುದು ನನ್ನ ಕೆಲಸ.

ಎಂಟು ದಿನದ ಗಡುವಿನಲ್ಲಿ ನಾಲ್ಕನೆಯ ದಿನ ಬೆಳಿಗ್ಗೆ ಮೈದುನ ಅಟ್ಟ ಹತ್ತಿದ. ಎಂದೂ ಒಂದು ಕಾಯಿ ಮುಟ್ಟದವನು ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ. ಮಧ್ಯಾಹ್ನವಾದರೂ ಇಳಿಯಲಿಲ್ಲ. ಏನೆಂದು ಕೇಳಿದಾಗ ಬಾಯಿಬಿಟ್ಟ. ಕಿತ್ತ ಗಿಡದ ತೆನೆಗಳನ್ನು ಒಣಗಿಸಿ, ಅಳಿಲು ಕೊರೆದು ಟೊಳ್ಳು ಮಾಡಿದ ಕಾಯೊಂದರಲ್ಲಿ ತುಂಬಿ, ನಾರಿನಿಂದ ತೂತು ಮುಚ್ಚಿ ರಾಶಿಯೊಳಗೆ ಸೇರಿಸಿದ್ದನಂತೆ. ಈಗ ಅದು ಯಾವುದೆಂದು ತಿಳಿಯುತ್ತಿಲ್ಲವಂತೆ.

“ಚಟ ಇಲ್ಲ ಅಂದಿದ್ಯಲ್ಲಪ್ಪ?”

“ಚಟಕ್ಕಲ್ಲ ಕಣತ್ತಿಗೆ. ನಾಳೆ ಕಾಯಿ ಸುಲಿಯೋರು ಬತ್ತಾರೆ. ಅವ್ರ ಕೈಗೆ ಸಿಕ್ರೆ ಒಳಕ್ಕೋಗೋರು ನೀವು. ನಿಮ್ಗೋಸ್ಕರ ಹುಡುಕ್ತಾ ಇವ್ನಿ.”

ಸದ್ದು ಮಾಡದ ಕಾಯಿಗಳನ್ನೆಲ್ಲ ನಾನು ಹಿಂದಿನ ದಿನವೇ ನೀರೊಲೆಗೆ ಹಾಕಿ ಮುಗಿಸಿದ್ದೆ. ಅಷ್ಟು ದಿನದಿಂದ ಸೇರದಿದ್ದ ಅನ್ನ ಅಂದು ಸೇರಿತು. ಅವನಿಗೆ ತಿಳಿಸಬಹುದಿತ್ತು; ಆದರೆ ನಾನು ಮೊದಲೇ ಸಂಕೋಚದವಳು, ಹೇಳಲಾಗಲಿಲ್ಲ. ಅವನು ಅಲ್ಲಾಡಿಸುತ್ತಲೇ ಇದ್ದ.

ಅಷ್ಟರಲ್ಲಿ, ವಾರಕ್ಕೊಮ್ಮೆ ಮಾತ್ರ ನೀರು ಹಾಕಿಕೊಳ್ಳುವ ನಮ್ಮತ್ತೆ, ಹಿಂದಿನ ದಿನವಷ್ಟೇ ಸ್ನಾನವಾಗಿದ್ದರೂ ಟವಲು ಹಿಡಿದು ಬಚ್ಚಲಿಗೆ ಹೊರಟರು.

“ನೀರೊಲೆಗೆ ಉರಿ ಹಾಕೇ,” ಎಂದರು. “ನಿನ್ನೆ ಹಾಕಿದ್ಯಲ್ಲ, ಅಂಥದೇ ಕಾಯಿ ಹಾಕು.”