ಬೋರ್ಡ್ ಬರಿಯೋನ ಸಂಶೇ

ದೊಡ್ಡ ದೊಡ್ಡ ಡಿಗ್ರಿ ತಗೊಂಡವ್ರು ನನ್ನ ಕೈಲೆ ಬೋರ್ಡ್ ಬರಿಸಿದ್ರಂದ್ರ ಏನರೆ ಒಂದು ಆಗದ ಬಿಡೂದಿಲ್ಲ. ಬೈಲಹೊಂಗಲದಾಗ ನಂದು ಬೋರ್ಡ್ ಬರಿಯೂ ಧಂದೆ. ಫ್ಲೆಕ್ಸ್ ಬಂದು ಅರ್ಧ ಕೆಲಸ ಹೋತು, ಖರೆ. ಆದ್ರ ಗ್ವಾಡಿ ಮ್ಯಾಲೆ ಬಣ್ಣದಾಗ ಬರಿಸಿದ್ರನ ಹೆಸರು ಉಳೀತೈತಿ ಅನ್ನೂ ಮಂದಿ ಇನ್ನೂ ಅದಾರ. ಡಾಕ್ಟರು, ವಕೀಲರು, ಇಂಜಿನಿಯರು, ಎಲ್ಲಾರ ಹೆಸರಿನ ಮುಂದಿನ ಅಕ್ಷರಗಳೂ ನನ್ನ ಕುಂಚದ ಕೆಳಗ ಹಾದು ಹೋಗ್ಯಾವ. ಅದಕ್ಕ ಆ ಅಕ್ಷರಗಳ ಮ್ಯಾಲೆ ನನಗ ನಂಬಿಕಿ ಕಡಿಮಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಪ್ಪ ಹೇಳತಿದ್ದ. ನಾ ಪ್ರಮಾಣಿಸಿದ ಮ್ಯಾಲೂ ಇನ್ನೊಮ್ಮೆ ನೋಡಾಂವ.

ಹೋದ ವರ್ಷದಿಂದ ನನ್ನ ಬಲಗಣ್ಣಿಗೆ ಮಂಜು ಕವದಂಗ ಆಗಾಕ ಹತ್ತಿತ್ತು, ಎಡಗಣ್ಣೂ ಅದರ ಹಾದಿ ಹಿಡದಿತ್ತು. ಬೋರ್ಡ್ ಬರಿಯೋನಿಗೆ ಕಣ್ಣು ಹೋತಂದ್ರ ಅನ್ನ ಹೋದಂಗ. ಡಾಕ್ಟರಿಗೆ ತೋರಿಸ್ರಿ ಅಂತ ಹೆಣ್ತಿ ದಿನಾ ಬೆನ್ನ ಹತ್ತಿದ್ಲು. ಗೆರಿ ನನ್ನ ಕೈಯಾಗ ಐತಿ, ಕಣ್ಣಾಗ ಅಲ್ಲ ಅಂತ ನಾ ತಳ್ಳಿ ಹಾಕತಿದ್ನಿ. ಒಳಗೊಳಗ ಅಂಜಿಕಿ ಇತ್ತು. ಆದ್ರ ಕಣ್ಣನ್ನ ಯಾರ ಕೈಯಾಗ ಕೊಡೂದು? ನಾ ಕಂಡದ್ದು ಕೇಳ್ರಿ, ಆಮ್ಯಾಲೆ ನೀವ ಹೇಳ್ರಿ.

ಎರಡ ಅಕ್ಷರ

ಕಿತ್ತೂರಾಗ ಒಬ್ಬ ಡಾಕ್ಟರು ಹೊಸದಾಗಿ ದವಾಖಾನಿ ತಗದ್ರು. ಹೆಸರು ಬರದು ಮುಂದ ಎಂ.ಡಿ. ಅಂತ ಬರೀರಿ ಸಾಕು ಅಂದ್ರು. ಇಷ್ಟ ಏನ್ರಿ ಅಂತ ಕೇಳಿದ್ನಿ. ಇದ ಎಲ್ಲಾಕ್ಕಿಂತ ದೊಡ್ಡದು, ಉಳದದ್ದೆಲ್ಲಾ ಇದರೊಳಗ ಬಂತು ಅಂದ್ರು. ಎದುರಿನ ದವಾಖಾನ್ಯಾಗ ಇನ್ನೊಬ್ಬ ಡಾಕ್ಟರ ಕುಂತಿದ್ದ. ಅವನ ಹೆಸರಿನ ಮುಂದ ಎರಡ ಸಾಲು ಅಕ್ಷರ. ಅವೆಲ್ಲಾ ಯಾವ್ಯಾವದೋ ಶಿಬಿರದಾಗ ಕೊಟ್ಟ ಕಾಗದ ಅಂತ ಬರದ ನನಗ ಗೊತ್ತಿತ್ತು. ಪಾಳಿ ಮಾತ್ರ ಅವನ ಬಾಗಲದಾಗ.

ಮಳಿಗಾಲ ಮುಗಿಯೂದ್ರಾಗ ಎಂ.ಡಿ. ಡಾಕ್ಟರು ಸೋತು ನನ್ನ ಅಂಗಡಿಗೆ ಬಂದ್ರು. ಏನರೆ ಸೇರಸ್ರಿ, ಬೋರ್ಡ್ ಬಣಬಣ ಕಾಣತೈತಿ ಅಂದ್ರು. ಮೊದಲ ಎಂ.ಬಿ.ಬಿ.ಎಸ್. ಹಾಕಿದ್ನಿ. ಆಮ್ಯಾಲೆ ಸಾಲ್ಯಾಗ ಪಾಸಾದ ಹಿಂದಿ ಪರೀಕ್ಷಾ, ಯೋಗದ ಸರ್ಟಿಫಿಕೇಟು, ಎನ್.ಸಿ.ಸಿ. ಎಲ್ಲಾ ಹಾಕಿದ್ನಿ. ಸಾಲು ಗ್ವಾಡಿ ತುಂಬಿತು. ಕೆಳಗ ನಿಂತು ನೋಡತಿದ್ದ ಒಬ್ಬ ರೈತ ತಲಿ ತೂಗಿದ.

"ಈಗ ನೋಡ್ರಿ, ಮನುಷ್ಯಾ ಸುಧಾರಿಸ್ಯಾನ. ಬಂದಾಗ ಬರೇ ಎರಡ ಅಕ್ಷರ ಕಲ್ತಿದ್ದ."

ಒಂದ ವಿಷಯ

ರಾಮದುರ್ಗದ ಕಡೆ, ಸುರೇಬಾನದಾಗ ಒಬ್ಬ ಲೆಕ್ಚರರ್ ಸಾಹೇಬ್ರಿಗೆ ಪಿಎಚ್.ಡಿ. ಆತು. ಮನಿ ಗೇಟಿನ ಮ್ಯಾಲೆ ಹೆಸರಿನ ಹಿಂದ ಡಾ. ಅಂತ ಸೇರಸಾಕ ನನ್ನ ಕರದಿದ್ರು. ಅವರಜ್ಜಿ ಕಟ್ಟಿ ಮ್ಯಾಲೆ ಕುಂತು ಎಲಿ ಹಾಕ್ಕೋತ ಎಲ್ಲಾ ನೋಡತಿದ್ಲು. ಇದು ಭಾಳ ದೊಡ್ಡ ಓದಬೇ, ಇದರ ಮ್ಯಾಲೆ ಓದ ಇಲ್ಲ ಅಂತ ನಾ ಹೊಗಳಿದ್ನಿ. ಎಷ್ಟ ವರ್ಷದ್ದು ಅಂತ ಕೇಳಿದ್ಲು. ಆರ ವರ್ಷ ಆತಂತ ಅಂದ್ನಿ. ಎಷ್ಟ ವಿಷಯ ಅಂದ್ಲು. ಒಂದ ಅಂದ್ನಿ. ಅಜ್ಜಿ ಆ ಕಡೆ ಈ ಕಡೆ ನೋಡಿ ದನಿ ಇಳಿಸಿದ್ಲು.

"ಸಾಲ್ಯಾಗ ಒಂದ ವರ್ಷಕ್ಕ ಆರ ವಿಷಯ ಪಾಸ್ ಆಗತಿದ್ದ. ಈಗ ಒಂದ ವಿಷಯಕ್ಕ ಆರ ವರ್ಷ ಹಿಡದಾನ. ಎಷ್ಟ ಸಲ ನಪಾಸಾದ ಅಂತ ಮಾತ್ರ ಕೇಳಬ್ಯಾಡಪಾ, ಕೂಸಿನ ಮನಸಿಗೆ ಹತ್ತೀತು."

ಮಿಶಿನ್

ಸವದತ್ತ್ಯಾಗ ಒಬ್ಬ ಸಿ.ಎ. ಸಾಹೇಬ್ರ ಆಫೀಸಿನ ಬೋರ್ಡ್ ಬರಿಯಾಕ ಹತ್ತಿದ್ನಿ. ಲೆಕ್ಕದೊಳಗ ಅದರ ಮ್ಯಾಲೆ ಓದ ಇಲ್ಲಂತ. ಅಷ್ಟರಾಗ ಒಬ್ಬ ಹತ್ತಿ ವ್ಯಾಪಾರಿ ಬಂದ. ವ್ಯವಹಾರ ಒಪ್ಪಸೂಕಿಂತ ಮೊದಲ ಪರೀಕ್ಷಾ ಮಾಡೂಣಂತ ಒಂದು ಗುಣಾಕಾರ ಕೇಳಿದ. ಸಾಹೇಬ್ರು ಕ್ಯಾಲ್ಕುಲೇಟರ್ ತಗದ್ರು. ವ್ಯಾಪಾರಿ ಟೊಪಗಿ ಸರಿಮಾಡಿಕೊಂಡು ಎದ್ದ. ಲೆಕ್ಕ ಅದು ಮಾಡತೈತಿ ಅಂದಮ್ಯಾಲೆ ಪಾಸಾದದ್ದೂ ಅದ ಇರಬೇಕು, ಬೋರ್ಡಿನ ಮ್ಯಾಲೆ ಅದರ ಹೆಸರ ಹಾಕ್ರಿ ಅಂತ ನನಗ ಹೇಳಿ ಹೋದ.

ವಿಚಾರಣಿ

ಈಗ ನನ್ನ ಕಣ್ಣಿಗೆ ಬರ್ರಿ. ನಮ್ಮ ಓಣಿ ತುದಿಗೆ ಒಬ್ಬಾಕಿ ಕಣ್ಣಿನ ಡಾಕ್ಟರು ಬಂದಿದ್ಲು. ಹೆಸರಿನ ಮುಂದ ಎಂ.ಎಸ್., ಕಣ್ಣಿನೊಳಗ ಅದ ದೊಡ್ಡದಂತ. ಆಕಿ ದವಾಖಾನಿ ಗ್ವಾಡಿ ಬರದಾಂವ ನಾನ. ಬರಿಯೂವಾಗ ಕೆಳಗ ನಿಂತು ಒಮ್ಮೆ ಗ್ವಾಡಿ ನೋಡಿದ್ಲು, ಒಮ್ಮೆ ನನ್ನ ಮಾರಿ ನೋಡಿದ್ಲು. ಕಾಕಾ, ಕೆಲಸ ಮುಗದ ಮ್ಯಾಲೆ ಒಳಗ ಬರ್ರಿ, ಕಣ್ಣು ನೋಡತೇನಿ ಅಂದ್ಲು. ಬಣ್ಣ ಇನ್ನೂ ಆರಿಲ್ಲ, ಗಿರಾಕಿ ಹಿಡಿಯಾಕ ಹತ್ಯಾಳ ಅಂತ ನಾ ನಿಚ್ಚಣಿಕಿ ಹೊತ್ತು ಮನಿಗೆ ಬಂದ್ನಿ.

ಆಮ್ಯಾಲೆ ಒಂದಿನ ಹೆಣ್ತಿ ಅಂತ ತಿಳದು, ಮನಿಗೆ ಬಂದಿದ್ದ ಬೀಗತಿಗೆ "ಏ, ಬೆನ್ನ ತಿಕ್ಕ ಬಾ" ಅಂದ್ನಿ. ಅವತ್ತ ನನ್ನ ಹಟ ಮುಗೀತು. ಆದ್ರೂ ಒಂದು ಷರತ್ತು ಹಾಕಿದ್ನಿ, ಮೊದಲ ವಿಚಾರಣಿ ಆಗಬೇಕು. ನಮ್ಮ ಕಡೆ ಹೆಣ್ಣು ಗಂಡು ಕೂಡಸೂಕಿಂತ ಮೊದಲ ಊರಾಗಿನ ಚಾದಂಗಡ್ಯಾಗ ಕುಂತು ಕೇಳತಾರಲ್ಲ, ಹಂಗ. ದವಾಖಾನಿ ಎದುರಿನ ಚಾದಂಗಡ್ಯಾಗ ಕುಂತು, ಆಕಿ ಸ್ವಭಾವ ಹ್ಯಾಂಗ, ಸಿಟ್ಟು ಐತೇನು, ಯಾವ ಮನಿತನ, ಕೆಲಸದಾಗ ಹ್ಯಾಂಗ ಅಂತ ಎಲ್ಲಾ ಕೇಳಿದ್ನಿ. ಚಾದಾಂವ ಎಲ್ಲಾದಕ್ಕೂ ಛಲೋನ ಹೇಳಿದ. ಕಡೀಕೆ ನನ್ನ ಹೆಗಲ ಮ್ಯಾಲೆ ಕೈ ಇಟ್ಟ.

"ಹುಡುಗಿ ಬಂಗಾರದಂಥಾಕಿ. ಆದ್ರ ನೀವು ತಡಾ ಮಾಡಿದ್ರಿ ಯಜಮಾನ್ರ. ಆಕಿದು ಲಗ್ನ ಆಗಿ ಎರಡ ಮಕ್ಕಳದಾವು."

ಕಣ್ಣು ಬಂತು

ಆಪರೇಶನ್ ಟೇಬಲ್ ಮ್ಯಾಲೆ ಮಲಗಿದಾಗೂ ಡಿಗ್ರಿ ಖರೇನ ಐತಿಲ್ರಿ ಅಂತ ಇನ್ನೊಮ್ಮೆ ಕೇಳಿದ್ನಿ. ಐತ್ರಿ ಕಾಕಾ, ಮಾತಾಡದ ಬೆಳಕು ನೋಡ್ರಿ ಅಂದ್ಲು. ಮರುದಿನ ಪಟ್ಟಿ ಬಿಚ್ಚಿದ್ಲು. ಏನ್ ಹೇಳ್ಳಿ, ಹೆಣ್ತಿ ಸೀರಿ ಅಂಚು ಎಳಿ ಎಳಿ ಕಾಣಿಸ್ತು. ಕಣ್ಣಾಗ ನೀರು ಬಂತು. ಇಂಥಾ ಡಾಕ್ಟರ ಮ್ಯಾಲೆ ಸಂಶೇ ಪಟ್ನಲ್ಲಾ ಅಂತ ಭಾಳ ಕೆಟ್ಟ ಅನಿಸ್ತು.

ಹೊರಗ ಬಂದು ಗ್ವಾಡಿ ನೋಡಿದ್ನಿ. ಡಾಕ್ಟರ ಹೆಸರು ಮ್ಯಾಲೆ ಸುರು ಆಗಿ ಇಳಕೋತ ಇಳಕೋತ, ಎಂ.ಎಸ್. ಅನ್ನೂದು ಗಟಾರದ ಹಂತ್ಯಾಕ ಬಂದು ನಿಂತಿತ್ತು. ನಾ ಬರದದ್ದು ಅಳಿಸಿ ಯಾರ ಕೈಲೆ ಬರಿಸಿದ್ರಿ ಅಂತ ಡಾಕ್ಟರನ್ನ ಜೋರಿಂದ ಕೇಳಿದ್ನಿ. ಈಗಿನ ಕಾಲದಾಗ ಕುಂಚ ಹಿಡದವ್ರೆಲ್ಲಾ ಪೇಂಟರ್, ಅವನ ಹಂತ್ಯಾಕ ಸರ್ಟಿಫಿಕೇಟ್ ಐತೋ ಇಲ್ಲೋ ಕೇಳಬೇಕಿಲ್ಲೋ ಅಂತ ಬೈದ್ನಿ.

"ಅಳಿಸಿಲ್ರಿ ಕಾಕಾ, ಇದು ನೀವು ಬರದದ್ದ," ಅಂದ್ಲು ಡಾಕ್ಟರು. "ಇದನ್ನ ನೋಡೇ ನಿಮಗ ಪೊರಿ ಬಂದೈತಿ ಅಂತ ಅವತ್ತ ನನಗ ತಿಳೀತು. ಕರದ್ನಿ, ನೀವು ಬರಲಿಲ್ಲ. ನಿಮ್ಮ ಕಣ್ಣಿಲೆ ನೀವ ನೋಡೂತನಕ ಇರಲಿ ಅಂತ ಬಿಟ್ಟೇನಿ."

ನಾ ನಂಬಲಿಲ್ಲ. ಬಗ್ಗಿ ಮೂಲಿ ನೋಡಿದ್ನಿ. ಅಲ್ಲಿ ನನ್ನ ಸಹಿ ಇತ್ತು, ಅದೊಂದ ನೆಟ್ಟಗಿತ್ತು. ಹೆಣ್ತಿ ಸೆರಗ ಬಾಯಿಗೆ ಹಿಡದು ನಗಾಕ ಹತ್ತಿದ್ಲು. ಆಮ್ಯಾಲೆ ತಟ್ಟನ ನಗೂದು ನಿಲ್ಲಿಸಿ ಕೇಳಿದ್ಲು, "ಅಲ್ರೀ, ಇಡೀ ವರ್ಷ ಸವದತ್ತಿ ಹಾದಿಗುಂಟ ಬರದ ಉಳದ ಬೋರ್ಡ್?"

ಕಣ್ಣು ಈಗ ಭಾಳ ಛಲೋ ಅದಾವು. ಆದ್ರ ಸವದತ್ತಿ ಬಸ್ಸಿನಾಗ ಕಿಡಕಿ ಕಡೆ ಕುಂದ್ರೂದು ಬಿಟ್ಟೇನಿ.